ಕೇಣಿಯ ಹೊಂಡಕ್ಕೆ ನಲವತ್ತಾರು ಹೆಜ್ಜೆ

ಡ್ರಾಯರ್‌ನಲ್ಲಿ ಸ್ಕ್ರೂಡ್ರೈವರ್ ಹುಡುಕುವಾಗ ಕೈಗೆ ಸಿಕ್ಕಿದ್ದು ಗೇಣುದ್ದದ ತಂತಿ. ಕೆಂಪು, ನೀಲಿ ಎರಡನ್ನೂ ಸೇರಿಸಿ ಹುರಿ ಮಾಡಿದ್ದು, ಜೊತೆಗೊಂದು ಪುಟ್ಟ ರೆಸಿಸ್ಟರ್. ನೋಡಿದ ಕೂಡಲೇ ಮೈಯೆಲ್ಲ ಉರಿಯಿತು. ಕಾರವಾರದ ಮಾಸ್ತರ ನೆನಪಾಯಿತು...

ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು ಅವರು. ಏನು ಕೇಳಿದರೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಯಾವ ಡೇಟಾ ಬಸ್ (ಸೆನ್ಸರಿನ ಅಂಕಿ ಸಾಗಿಸುವ ತಂತಿಸಾಲು) ಹಾಕಲಿ ಎಂದರೆ, "ಎಷ್ಟು ದೂರ? ನಡ್ದು ನೋಡಿದ್ಯಾ?" ಎಂದೇ ಶುರು. ಅಂದಾಜು ಹೇಳಿದರೆ ಆಗದು, ತಂತಿ ಹೋಗುವ ದಾರಿಯಲ್ಲೇ ಹೆಜ್ಜೆ ಎಣಿಸಿ ಬರಬೇಕು. ಅದಕ್ಕಾಗಿ ನನ್ನನ್ನು ಕಾರವಾರದಿಂದ ಅಂಕೋಲೆಗೆ ವಾಪಸ್ ಅಟ್ಟಿದ್ದೂ ಉಂಟು.

ಅಂಕೋಲೆ ಪಕ್ಕದ ಕೇಣಿಯಲ್ಲಿ ಭಾವ ಸೀಗಡಿ ಹೊಂಡ ಮಾಡಿದಾಗ, ಎರಡು ಸೆನ್ಸರಿನಿಂದ ನೀರಿನ ಆಮ್ಲಜನಕ ಅಳೆದು, ಅದು ಇಳಿದರೆ ಶೆಡ್ಡಿನಲ್ಲಿ ಗಂಟೆ ಹೊಡೆಯುವ ಏರ್ಪಾಡು ನನ್ನ ತಲೆಗೆ ಬಿತ್ತು. ನನ್ನ ಬಳಿ ಇದ್ದದ್ದು ಐ-ಸ್ಕ್ವೇರ್-ಸಿ, ಒಂದೇ ಡಬ್ಬಿಯೊಳಗಿನ ಚಿಪ್‌ಗಳಿಗೆಂದು ಮಾಡಿದ ಬಸ್. ಸಾಕೇ ಎಂದು ಮಾಸ್ತರಿಗೆ ಫೋನ್ ಮಾಡಿದೆ. ಮತ್ತೆ ಅದೇ ರಾಗ, "ಎಷ್ಟು ದೂರ?" ಬಿಸಿಲಿಗೆ ತಲೆ ಕೆಟ್ಟಿತ್ತು. "ಇಲ್ಲೇ ಮಾಸ್ತರೇ, ಎರಡು ಮಾರು," ಎಂದುಬಿಟ್ಟೆ, ನಡೆದು ನೋಡದೆಯೇ.

"ಹಂಗಾರೆ ನಡೀತದೆ," ಎಂದರು.

ಬಸ್ಸಿನ ವೇಗ ಇಳಿಸಿ ಹೇಗೋ ಅಂಕಿ ಬರುವಂತೆ ಮಾಡಿದೆ. ಆದರೆ ನೀರಿಗೆ ಗಾಳಿ ಕೊಡುವ ಮೋಟಾರು ಶುರುವಾದರೆ ಪರದೆಯ ಅಂಕಿ ಅಲ್ಲಾಡದೆ ನಿಂತು, ಎಲ್ಲ ಆಫ್ ಮಾಡಿ ಆನ್ ಮಾಡುವ ತನಕ ಹಾಗೇ ಇರುತ್ತಿತ್ತು. ಆಮೇಲೆ ನೋಡಿದರಾಯಿತು ಎಂದು ಬಿಟ್ಟೆ. ಒಂದು ಬೆಳಿಗ್ಗೆ ಹೋದರೆ ಮೋಟಾರು ಕೆಟ್ಟು ನಿಂತಿದೆ, ಸೀಗಡಿ ತೇಲುತ್ತಿದೆ, ಪರದೆಯಲ್ಲಿ ಮಾತ್ರ ಹಿಂದಿನ ಸಂಜೆಯ ಒಳ್ಳೆಯ ಅಂಕಿ! ಭಾವ ಬೈಯಲೂ ಇಲ್ಲ. "ಗಂಟೆ ಹೊಡೀತದೆ ಅಂತ ಮಲ್ಗಿದ್ದೆ ಮಾರಾಯಾ," ಎಂದ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ವಿಷಯ ತಿಳಿದು ಮಾಸ್ತರು ತಾವೇ ಬಂದರು. ಮಂಡಿನೋವಿನ ಮನುಷ್ಯ, ಶೆಡ್ಡಿನಿಂದ ಕೊನೆಯ ಸೆನ್ಸರಿನ ತನಕ ದಂಡೆಯ ಮೇಲೆ ಎಣಿಸುತ್ತ ನಡೆದರು. "ನಲ್ವತ್ತಾರು. ಇದಕ್ಕೆ ಎರಡು ಮಾರು ಅಂದ್ಯನೋ?"

ನನ್ನ ತಂತಿಯನ್ನೆಲ್ಲ ಕೀಳಿಸಿ, ದೂರದ ಲೈನಿಗೆಂದೇ ಮಾಡಿದ ಆರ್‌ಎಸ್-485 ಬಸ್ ಹಾಕಿಸಿದರು. ಎರಡು ತಂತಿಯ ಹುರಿಯನ್ನು ಕೈಡ್ರಿಲ್ಲಿನಿಂದ ತಾವೇ ಹೊಸೆದರು. "ಮೋಟಾರಿನ ಕರೆಂಟಿನ ಗದ್ದಲ ಎರಡು ತಂತಿಗೂ ಸಮಾ ಬೀಳ್ತದೆ. ಆಚೆ ಬದಿ ನೋಡೂದು ಎರಡರ ನಡುವಿನ ಫರಕು ಮಾತ್ರ," ಎಂದರು. ಸಿಗ್ನಲ್ ತುದಿಗೆ ಬಡಿದು ವಾಪಸಾಗದಂತೆ ಲೈನಿನ ಎರಡು ತುದಿಗೂ ರೆಸಿಸ್ಟರ್ ಬೇಕು. ನಾನು ಉತ್ಸಾಹದಲ್ಲಿ ಅವುಗಳ ಜೊತೆ ನಡುವಿನ ಸೆನ್ಸರಿಗೂ ಒಂದು ರೆಸಿಸ್ಟರ್ ಬೆಸೆದಿದ್ದೆ. ಅದನ್ನು ತಂತಿ ಸಮೇತ ಕತ್ತರಿಸಿ ನನ್ನ ಕಿಸೆಗೆ ತುರುಕಿದರು. "ಎರಡು ತುದಿಗೆ ಸಾಕು. ಎಷ್ಟ್ ಸಲ ಹೇಳೂದು?"

ಆ ಲೈನು ಇವತ್ತಿಗೂ ತಪ್ಪದೆ ಓಡುತ್ತಿದೆ. ಮಾಸ್ತರು ಹೋದ ವರ್ಷ ತೀರಿಕೊಂಡರು...

ಈಗ ಭಾವ ಇನ್ನೊಂದು ಹೊಂಡ ತೋಡಿಸಿದ್ದಾನೆ. ಮೊನ್ನೆ ಅದರ ದಂಡೆಯ ಮೇಲೆ ಎರಡೆರಡು ಸಲ ನಡೆದೆ. ನೂರ ಹನ್ನೆರಡು ಹೆಜ್ಜೆ. ಅಭ್ಯಾಸಬಲದಿಂದ ಫೋನ್ ತೆಗೆದು ಅವರ ನಂಬರು ಹುಡುಕಿದೆ. ಸಿಟ್ಟೇ ಬಂತು. ಇಷ್ಟು ವರ್ಷಕ್ಕೆ ಒಂದು ಸಲ ಸರಿಯಾಗಿ ಎಣಿಸಿದ್ದೇನೆ, ಕೇಳುವುದಕ್ಕೆ ಆ ಮನುಷ್ಯ ಇಲ್ಲ.