ಮೈಕಿನಲ್ಲಿ ಆಡಿದ ಮಾತು

ದೆರಾಮನ್ ಚಿಕ್ಕವನಿದ್ದಾಗ ಕುರಾನ್ ಓದಿದರೆ ಹೊಳೆಯ ಆಚೆ ದಡದ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಅಪ್ಪ ರಬ್ಬರ್ ಮರ ಕೆತ್ತಿ ಹಾಲಿಳಿಸುವವನು. ಅಮ್ಮನ ಹೆಸರು ಮೆಕ್ ಬುಂಗಾ, ಸಂತೆಯಲ್ಲಿ ಮೀನು ಮಾರುತ್ತಿದ್ದಳು. ಇಬ್ಬರು ಮಕ್ಕಳನ್ನೂ ಓದಿಸುವ ಶಕ್ತಿ ಇರಲಿಲ್ಲವಾಗಿ ಕಿರಿಯವನಾದ ಸಾಲೆಹ್‌ನನ್ನು ಶಾಲೆ ಬಿಡಿಸಿದರು. ಅವನು ಅದನ್ನು ಎಂದೂ ಎತ್ತಿ ಆಡಲಿಲ್ಲ. ದೆರಾಮನ್ ಮೇಷ್ಟರಾದ. ಸಾಲೆಹ್ ದನ ಕೊಯ್ಯುವುದನ್ನು ಕಲಿತ.

ಕೆಲಾಂತಾನ್ ರಾಜ್ಯದ ಆ ಹಳ್ಳಿಯಲ್ಲಿ ಮದುವೆಯಿರಲಿ, ಸಾವಿನೂಟವಿರಲಿ, ಊರೇ ಕೂಡಿ ಅಡುಗೆ ಮಾಡುತ್ತಿತ್ತು. ಅಲ್ಲಾಹನ ಹೆಸರು ಹೇಳಿ ಪ್ರಾಣಿಯ ಕೊರಳಿಗೆ ಚಾಕು ಇಡಲು ಎಲ್ಲರೂ ಕರೆಯುತ್ತಿದ್ದುದು ಸಾಲೆಹ್‌ನನ್ನೇ. ಅವನ ಕೈ ಹಗುರ, ಪ್ರಾಣಿ ನರಳುವುದಿಲ್ಲ ಎನ್ನುತ್ತಿದ್ದರು.

ಅಣ್ಣನ ಕಂಠ ಕೇಳಿದ ಪಕ್ಷದವರು ಅವನನ್ನು ವೇದಿಕೆ ಹತ್ತಿಸಿದರು. ಚುನಾವಣೆಗೆ ನಿಂತ, ಗೆದ್ದ. ಅಲ್ಲಿ ಶಾಸಕರನ್ನೆಲ್ಲ ಕರೆಯುವ ಹಾಗೆ ಅವನನ್ನೂ ಜನ 'ವೈಬಿ' ಎಂದರು. ಒಳ್ಳೆಯ ವೈಬಿಯೇ ಆಗಿದ್ದ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಪಂಚೆ ಎತ್ತಿ ಕಟ್ಟಿಕೊಂಡು ಮನೆಮನೆಗೆ ಅಕ್ಕಿ ಹೊತ್ತ. ಯಾರು ಸತ್ತರೂ ಹೋಗಿ ಚಾಪೆಯ ಮೇಲೆ ಕುಳಿತು ಪ್ರಾರ್ಥಿಸಿದ. ಸಾಲೆಹ್ ಮಾತ್ರ ಮಾವನ ಮನೆಯವರ ಜೊತೆ ಇನ್ನೊಂದು ಪಕ್ಷದಲ್ಲಿದ್ದ. ಅದರಿಂದೇನೂ ತೊಂದರೆಯಾಗಿರಲಿಲ್ಲ. ಶುಕ್ರವಾರ ಅಮ್ಮನ ಮನೆಯಲ್ಲಿ ಇಬ್ಬರೂ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಿದ್ದರು, ಅವಳ ಮುಂದೆಯೇ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು.

ಮೂರನೆಯ ಚುನಾವಣೆ ಬಿಗಿಯಾಯಿತು. ಒಂದು ಸಭೆಯಲ್ಲಿ ಜನ ಹುರುಪಿನಲ್ಲಿದ್ದರು, ದೆರಾಮನ್‌ಗೂ ಹುರುಪು ಏರಿತು. "ಆ ಕಡೆಯವರ ಕೈ ಕೊಯ್ದ ಮಾಂಸ ನಮ್ಮ ಗಂಟಲಲ್ಲಿ ಇಳೀಬಾರದು!" ಎಂದುಬಿಟ್ಟ. ಜನ ಎದ್ದು ನಿಂತು ಕೂಗಿದರು. ಆಡುವಾಗ ಅವನ ಮನಸ್ಸಿನಲ್ಲಿ ತಮ್ಮ ಇರಲಿಲ್ಲ. ಆದರೆ ಅದೇ ವಾರ ಒಂದು ಮದುವೆಯಲ್ಲಿ ಸಾಲೆಹ್ ಕೊಯ್ದ ಎಮ್ಮೆಯ ಸಾರನ್ನು, ಹಂಡೆಗೆ ಹಂಡೆಯೇ, ಹೊಳೆಗೆ ಸುರಿದರು. ಸಾಲೆಹ್ ಚಾಕುವನ್ನು ಬಾಳೆಲೆಗೆ ಒರೆಸಿಕೊಂಡು ಮನೆಗೆ ಹೋದ. ಆಮೇಲೆ ಅಣ್ಣನಿರುವ ಕಡೆ ಅವನು ಕಾಲಿಡಲಿಲ್ಲ.

ದೆರಾಮನ್ ಗೆದ್ದ, ಊರು ಎರಡಾಯಿತು. ಎರಡು ಮಸೀದಿ, ಇಬ್ಬರು ಇಮಾಮರು. ಯಾರಾದರೂ ಸತ್ತರೆ ಒಂದು ಕಡೆಯವರು ಜನಾಜಾ ನಮಾಜು ಮುಗಿಸಿ ಹೊರಗೆ ಬರುವವರೆಗೆ ಇನ್ನೊಂದು ಕಡೆಯವರು ಅಂಗಳದಲ್ಲಿ ಕಾಯುವರು. ಆಮೇಲೆ ಅದೇ ಹೆಣಕ್ಕೆ ಅವರದೊಂದು ನಮಾಜು. ವರ್ಷಗಳು ಕಳೆದಂತೆ ಅದೇ ರೂಢಿಯಾಯಿತು.

ಮೆಕ್ ಬುಂಗಾ ಹಾಸಿಗೆ ಹಿಡಿದದ್ದು ಇನ್ನೊಂದು ಚುನಾವಣೆ ಹತ್ತಿರ ಬಂದಿದ್ದಾಗ. ದೆರಾಮನ್ ಗಂಜಿ ಕುಡಿಸಲು ಬಂದರೆ ಚಮಚವನ್ನು ತಳ್ಳಿದಳು.

"ವೈಬಿಯೋರು ನಮ್ಮನೆಗೆ ಬಂದ್ರಾ? ಫೋಟೋ ತೆಗೆಯೋರು ಎಲ್ಲಿ?"

"ಅಮ್ಮಾ, ಸಾಕು. ಬಾಯಿ ತೆಗಿ."

"ನಾನು ಹೋದ್ಮೇಲೆ ಎಷ್ಟು ನಮಾಜು ಮಾಡಿಸ್ತೀಯಾ?"

ಅವನು ಚಮಚವನ್ನು ಬಟ್ಟಲಿಗೆ ಇಳಿಸಿದ.

"ನಾನು ಸಾಯೋದು ಒಂದೇ ಸಲ ಕಣೋ. ನನ್ನನ್ನ ಅಂಗಳದಲ್ಲಿಟ್ಕೊಂಡು ಪಾಳಿ ಕಾಯಬೇಡಿ. ಒಂದೇ ನಮಾಜು. ನೀವಿಬ್ಬರೂ ಒಟ್ಟಿಗೆ ನಿಂತ್ಕೋಬೇಕು. ಆಗಲ್ಲ ಅಂದ್ರೆ ಈಗಲೇ ಹೇಳು, ಆಸೆ ಇಟ್ಕೊಳ್ಳಲ್ಲ."

ದೆರಾಮನ್ ಅಂದೇ ಸಂಜೆ ತಮ್ಮನ ಮನೆಗೆ ನಡೆದುಹೋದ. ಸಾಲೆಹ್ ಮೆಟ್ಟಿಲ ಮೇಲೆ ಕುಳಿತು ಚಾಕು ಮಸೆಯುತ್ತಿದ್ದ. ಒಳಗೆ ಬಾ ಎನ್ನಲಿಲ್ಲ.

"ಅಮ್ಮ ಹೀಗಂತಾಳೆ. ನನ್ನದು ತಪ್ಪಾಯ್ತು, ಸಾಲೆಹ್. ಮಾಫ್ ಮಾಡು."

"ಯಾರ ಹತ್ರ ಹೇಳ್ತಿದೀಯ?"

"ನಿನ್ನ ಹತ್ರಾನೇ."

"ಅವತ್ತು ನನ್ನ ಕಿವಿಯಲ್ಲಿ ಹೇಳಿದ್ಯಾ? ಊರಿಗೆಲ್ಲ ಕೇಳೋ ಹಾಗೆ ಹೇಳ್ದೆ. ಮೈಕಿನಲ್ಲಿ ಹೇಳಿದ್ದನ್ನ ನನ್ನ ಮೆಟ್ಟಿಲ ಹತ್ರ ಬಂದು ವಾಪಸ್ ತಗೊಂಡ್ರೆ ಹೇಗಣ್ಣ? ನಾನು ಮಾಫ್ ಮಾಡಿದ್ರೂ ಆ ಸಾರು ಹೊಳೆಯಿಂದ ಮೇಲೆ ಬರುತ್ತಾ?"

ಆ 'ಅಣ್ಣ' ಎಂಬುದಷ್ಟೇ ದೆರಾಮನ್‌ಗೆ ಮರಳುವ ದಾರಿಯುದ್ದಕ್ಕೂ ಕೇಳಿಸುತ್ತಿತ್ತು.

ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ಪಕ್ಷದ ಸಭೆಯಿತ್ತು. ಯಾರು ಅಭ್ಯರ್ಥಿ ಎಂದು ಘೋಷಿಸಲು ಜಿಲ್ಲೆಯ ಮುಖಂಡ ಹಾಜಿ ಯಾಕುಬ್ ಬಂದಿದ್ದರು. ದೆರಾಮನ್‌ನ ಹೆಸರೇ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಮೊದಲು ನಾನು ಮಾತಾಡುತ್ತೇನೆ ಎಂದು ಮೈಕು ಹಿಡಿದ.

"ಆ ಕಡೆಯವರು ಕೊಯ್ದ ಮಾಂಸ ತಿನ್ನಬೇಡಿ ಅಂತ ಹೇಳಿದೋನು ನಾನು. ಅದು ಧರ್ಮದ ಮಾತಲ್ಲ, ವೋಟಿನ ಮಾತು. ಅಲ್ಲಾಹನ ಹೆಸರಲ್ಲಿ ಕೊಯ್ದದ್ದನ್ನ ಬೇಡ ಅನ್ನೋಕೆ ನಾನ್ಯಾರು? ನನ್ನ ತಮ್ಮ ಕೊಯ್ದದ್ದು ಅವತ್ತೂ ಹಲಾಲ್, ಇವತ್ತೂ ಹಲಾಲ್."

ಹಾಜಿ ಯಾಕುಬ್ ಹಿಂದಿನಿಂದ ಅಂಗಿ ಜಗ್ಗಿದರು. "ಏನ್ರೀ ಮೇಷ್ಟ್ರೇ, ತಲೆ ಕೆಟ್ಟಿದೆಯಾ? ಕೂತ್ಕೊಳ್ಳಿ."

ಯಾರೋ ತಂತಿ ಕಿತ್ತರು. ದೆರಾಮನ್ ಮೈಕನ್ನು ಕೆಳಗಿಟ್ಟು ಬರಿಯ ಗಂಟಲಿನಿಂದಲೇ ಹೇಳಿದ: "ನನ್ನ ಮಾತು ನಂಬಿ ಅವತ್ತು ಊಟ ಸುರಿದೋರು ನನ್ನನ್ನ ಮಾಫ್ ಮಾಡಿ. ಆ ಪಾಪ ನಿಮ್ಮದಲ್ಲ, ನನ್ನದು."

ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, "ತಮ್ಮ ಎಷ್ಟು ಕೊಟ್ಟ, ವೈಬಿ?" ಎಂದು ಕೂಗಿದ. ಅಭ್ಯರ್ಥಿಯ ಹೆಸರನ್ನು ಅಂದು ಘೋಷಿಸಲಿಲ್ಲ. ಕೆಲವು ದಿನಗಳ ಮೇಲೆ ಘೋಷಿಸಿದಾಗ ಅದು ಬೇರೊಬ್ಬನದಾಗಿತ್ತು.

ಅಷ್ಟರಲ್ಲಿ ಮೆಕ್ ಬುಂಗಾ ತೀರಿಕೊಂಡಿದ್ದಳು. ಸಾಲೆಹ್ ಬರುವನೋ ಇಲ್ಲವೋ ದೆರಾಮನ್‌ಗೆ ಗೊತ್ತಿರಲಿಲ್ಲ. ಕೇಳಿ ಕಳಿಸುವ ಧೈರ್ಯವೂ ಬರಲಿಲ್ಲ. ಹೆಂಗಸರು ಮೀಯಿಸಿ ಬಿಳಿ ಬಟ್ಟೆ ಸುತ್ತುತ್ತಿದ್ದಾಗ ಸಾಲೆಹ್ ಮೆಟ್ಟಿಲು ಹತ್ತಿ ಬಂದ, ಅವನ ಬೆನ್ನಿಗೆ ಹೆಂಡತಿಯ ಅಣ್ಣತಮ್ಮಂದಿರು. ಅಮ್ಮನ ಹಣೆಗೆ ಮುತ್ತಿಟ್ಟು ಗೋಡೆಯ ಪಕ್ಕ ನಿಂತ.

ಜನ ಕಡಿಮೆಯಿದ್ದರು. ದೆರಾಮನ್‌ನ ಕಡೆಯ ಅನೇಕರು ಬಂದೇ ಇರಲಿಲ್ಲ. ಬಂದವರು ಬಿಡಿಬಿಡಿಯಾಗಿ ಮೂರು ಸಾಲು ಮಾಡಿಕೊಂಡರು. ಮುಂದೆ ನಿಂತು ನಮಾಜು ಮಾಡಿಸುವ ಹಕ್ಕು ಹಿರಿಯ ಮಗನದು. ದೆರಾಮನ್ ಕದಲಲಿಲ್ಲ.

"ನೀನು ನಿಲ್ಲು," ಎಂದ ತಮ್ಮನಿಗೆ. "ನನ್ನ ಹಿಂದೆ ನಿಮ್ಮೋರು ನಿಲ್ಲಲ್ಲ."

ಸಾಲೆಹ್ ತನ್ನ ಭಾವಮೈದುನರ ಕಡೆ ತಿರುಗಿ ನೋಡಿದ. ಆಮೇಲೆ ಅಣ್ಣನ ತೋಳು ಹಿಡಿದು ಮುಂದಕ್ಕೆ ನೂಕಿದ. "ಹೋಗು. ಅಮ್ಮನ್ನ ಕಾಯಿಸಬೇಡ." ತಾನು ಅವನ ನೇರ ಹಿಂದೆ ನಿಂತ. ಭಾವಮೈದುನರು ಸ್ವಲ್ಪ ಹೊತ್ತು ಮುಖಮುಖ ನೋಡಿಕೊಂಡರು. ಒಬ್ಬ ಹೊರಟುಹೋದ. ಉಳಿದವರು ಬಂದು ಸಾಲು ಸೇರಿದರು.

ನಮಾಜು ಮುಗಿದು ಶವದ ಸಂದೂಕಕ್ಕೆ ಹೆಗಲು ಕೊಡುವ ಹೊತ್ತಿಗೆ ಸಾಲೆಹ್‌ನ ಪಕ್ಷದ ಮೂವರು ಮುದುಕರು ಸೈಕಲ್ ತಳ್ಳಿಕೊಂಡು ಅವಸರವಾಗಿ ಬಂದರು. ನಮಾಜಿಗೆಂದು ಕೈಕಾಲು ತೊಳೆದು ವುಜೂ ಮಾಡಿಕೊಂಡೇ ಬಂದಿದ್ದರು, ತೋಳು ಇನ್ನೂ ಒದ್ದೆಯಾಗಿತ್ತು. ಅಂಗಳದಲ್ಲಿ, ರೂಢಿಯಂತೆ, ಮಾವಿನ ಮರದ ಕೆಳಗೆ ಹೋಗಿ ನಿಂತರು.

"ಸಾಲೆಹ್, ನಮ್ಮದು ಯಾವಾಗಪ್ಪಾ?" ಎಂದು ಒಬ್ಬರು ಕೇಳಿದರು.

ಸಾಲೆಹ್ ಸಂದೂಕದ ಒಂದು ಕಾಲನ್ನು ಹೆಗಲಿಗೇರಿಸಿಕೊಂಡ. ಪಕ್ಕದ ಕಾಲು ದೆರಾಮನ್‌ನ ಹೆಗಲ ಮೇಲಿತ್ತು.

"ಆಗೋಯ್ತು, ಅಜ್ಜಾ," ಎಂದ. "ನಮ್ಮಮ್ಮನಿಗೆ ಒಂದೇ."