ಮೆಸ್ಸಿನ ಅಮ್ಮನಿಗೆ ನಾನು ಕೊಟ್ಟ ಮಾತ್ರೆ

ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ತುಟಿ ಚಪ್ಪರಿಸಿದಂತೆ, ದವಡೆ ಏನನ್ನೋ ಮೆಲ್ಲುತ್ತಿರುವಂತೆ. ನಡುನಡುವೆ ನಾಲಗೆಯ ತುದಿ ಹೊರಗೆ ಇಣುಕಿ ಒಳಸರಿಯುತ್ತಿತ್ತು. ಬಾಯೊಳಗೆ ಮಾತ್ರ ಏನೂ ಇರುತ್ತಿರಲಿಲ್ಲ.

ನಾನು ಕಂಡ ಮೊದಲ ದಿನಗಳಲ್ಲಿ ಅವರು ಹೀಗಿರಲಿಲ್ಲ. ಸರಸ್ವತಿಪುರಂನಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ಪಕ್ಕದಲ್ಲೇ ಅವರ ಮೆಸ್ಸು. ಟ್ಯುಟೋರಿಯಲ್ ಹುಡುಗರೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದರು, ನಾನೂ. ಊಟಕ್ಕೆ ಕೂತವರು ಸಾಕು ಎಂದರೆ, ‘ಸಾಕು ಅಂತ ನಿಮ್ಮಮ್ಮನತ್ರ ಹೇಳು, ನನ್ನತ್ರ ಅಲ್ಲ’ ಎಂದು ಇನ್ನೊಂದು ಸೌಟು ಸಾರು ಹಾಕುತ್ತಿದ್ದರು. ನನಗೆ ಜ್ವರ ಬಂದ ವಾರ ರೂಮಿಗೆ ಗಂಜಿ ತಂದುಕೊಟ್ಟವರು ಅವರೇ.

ಅವರಿಗೆ ಆಗಾಗ ಹೊಟ್ಟೆ ತೊಳಸುತ್ತಿತ್ತು. ಯಾರೋ ಡಾಕ್ಟರು ಐದು ದಿನಕ್ಕೆಂದು ಬರೆದ ಮಾತ್ರೆ ಹಿತವಾಯಿತು. ಚೀಟಿ ಸವೆದು ಹರಿದ ಮೇಲೂ, ‘ಅದೇ ಬಿಳಿ ಮಾತ್ರೆ ಕೊಡಪ್ಪ’ ಎಂದು ಬರುತ್ತಿದ್ದರು. ನಾನು ಕೊಡುತ್ತಿದ್ದೆ. ಮೂರು ವರ್ಷ ಕೊಟ್ಟೆ.

ಬಾಯಿ ಆಡಲು ಶುರುವಾದಾಗ ಹುಡುಗರು ಮೊದಲು ನಕ್ಕರು. ಆಮೇಲೆ, ಏನೋ ಜಗಿಯುತ್ತಲೇ ಬಡಿಸುತ್ತಾರೆಂದು ಒಬ್ಬೊಬ್ಬರೇ ಬೇರೆ ಮೆಸ್ಸು ಹುಡುಕಿಕೊಂಡರು. ಒಂದು ಮಧ್ಯಾಹ್ನ ಹೊಸಬನೊಬ್ಬ ‘ನನ್ನ ಅಣಕಿಸ್ತಿದೀರಾ?’ ಎಂದು ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಯಲ್ಲೇ ಉಳಿದರು. ಬಡಿಸುವುದು ಮಗಳ ಪಾಲಿಗೆ ಬಂತು. ಆಕೆ ಬೆಟ್ಟದ ತಾಯಿಗೆ ಹರಕೆಯನ್ನೂ ಹೊತ್ತಳು.

ಕೊನೆಗೆ ನರರೋಗದ ಡಾಕ್ಟರೊಬ್ಬರು, ‘ಯಾವ್ಯಾವ ಮಾತ್ರೆ ತಗೋತಿದೀರಿ?’ ಎಂದು ಕೇಳಿದರಂತೆ. ಮಗಳು ಚೀಲದಿಂದ ನಮ್ಮ ಅಂಗಡಿಯ ಸ್ಟ್ರಿಪ್ಪು ತೆಗೆದು ತೋರಿಸಿದಳು. ಅದನ್ನು ವರ್ಷಗಟ್ಟಲೆ ನುಂಗಿದರೆ ಕೆಲವರಿಗೆ ಹೀಗಾಗುತ್ತದೆ, ನಿಲ್ಲಿಸಿದರೂ ಪೂರ್ತಿ ಹೋಗದೇ ಇರಬಹುದು ಎಂದರಂತೆ. ಡಾಕ್ಟರು ಮಾತ್ರೆ ನಿಲ್ಲಿಸಿದರು. ಬಾಯಾಟ ಪೂರ್ತಿ ಹೋಗಲಿಲ್ಲ.

ಸುದ್ದಿ ತಿಳಿದ ಸಂಜೆ ಅವರ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ‘ನಾನೇ ಕೊಟ್ಟಿದ್ದು ಅಮ್ಮ.’

ಅವರು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ‘ನಾನ್ ಕೇಳ್ದೆ, ನೀನ್ ಕೊಟ್ಟೆ. ಇಬ್ರಿಗೂ ಗೊತ್ತಿರ್ಲಿಲ್ಲ, ಬುಡು’ ಎಂದರು. ಇನ್ನೊಂದು ಕಾಯಿಯ ತುದಿ ಮುರಿದು, ನನ್ನ ಮುಖ ನೋಡದೆ, ಮೆಲ್ಲಗೆ: ‘ನಿಂಗೆ ಗೊತ್ತಿರ್ಬೇಕಿತ್ತು ಕಣಪ್ಪ.’

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಮೆಸ್ಸಿನ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿಯಿದೆ.

ಹಳೆಯ ಚೀಟಿ ಹಿಡಿದು ಬಂದವರನ್ನು ನಾನು ಕೇಳುತ್ತೇನೆ: ‘ಎಷ್ಟು ದಿನದಿಂದ ತಗೋತಿದೀರಿ? ಇನ್ನೊಂದ್ಸಲ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ.’ ಕೆಲವರು ತಲೆಯಾಡಿಸುತ್ತಾರೆ. ಉಳಿದವರು ಸಿಡುಕಿ, ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೊಡುತ್ತಾರೆ.