ಸೈರಾಬಾನು ಆಕ್ಷೇಪಿಸಿದ ‘ಮತ್ತು’

ಗಜೇಂದ್ರಗಡದ ನೇಕಾರರ ಓಣಿಯ ಸೈರಾಬಾನು ದಿನಾಲೂ ಮುಂಜಾನೆಯ ಬಸ್ಸು ಹಿಡಿದು ರೋಣಕ್ಕೆ ಹೋಗಿ, ಸರಕಾರಿ ಕಚೇರಿಯೊಂದರ ಎದುರಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದಳು. ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು ಅವಳ ಕಸುಬು. ಅದಕ್ಕೊಂದು ಲೈಸೆನ್ಸ್, ವರ್ಷಕ್ಕೊಮ್ಮೆ ಅದೇ ಕಚೇರಿಯವರು ಅದನ್ನು ನವೀಕರಿಸಬೇಕು.

೨೦೦೫ರಲ್ಲಿ ಅವಳು ಬರೆದುಕೊಟ್ಟಿದ್ದ ಫಕೀರವ್ವನ ಅರ್ಜಿ ತಿರಸ್ಕೃತವಾಯಿತು. ಗಂಡ ತೀರಿಹೋದ ನಲವತ್ತರ ಹೆಂಗಸು. ಮನೆ ಕಟ್ಟಲು ಜಾಗ ಕೇಳಿದ್ದಳು. ಕಾಯ್ದೆಯಲ್ಲಿ ‘ವಿಧವೆ ಮತ್ತು ವೃದ್ಧ ಮಹಿಳೆಗೆ’ ಎಂದಿತ್ತು. ಎರಡೂ ಆಗಿರಬೇಕೆಂದು ಆ ಕಚೇರಿಯ ಗುಮಾಸ್ತ ಓದಿದ. “ಮುದುಕಿ ಆದ ಮ್ಯಾಲ ಬಾರವಾ,” ಎಂದು ಕಳಿಸಿದ.

ಅದೇ ತಿಂಗಳು, ಕಾನೂನುಗಳನ್ನು ಇನ್ನಷ್ಟು ಚೆನ್ನಾಗಿ ಬರೆಯುವುದು ಹೇಗೆಂದು ಸರಕಾರ ಜನರಿಂದ ಸಲಹೆ ಕೇಳಿದ ಪ್ರಕಟಣೆ ಪೇಪರಿನಲ್ಲಿ ಬಂತು. ಸೈರಾಬಾನು ಸಿಟ್ಟಿನಲ್ಲೇ ನಾಲ್ಕು ಪುಟ ಟೈಪು ಮಾಡಿದಳು. ಎರಡರ್ಥ ಬರುವ ‘ಮತ್ತು’ ಬೇಡ, ಕರಡನ್ನು ಮೊದಲು ಸಾಮಾನ್ಯರಿಗೆ ಓದಿ ತೋರಿಸಿ ಎಂದಳು. ಫಕೀರವ್ವನ ಹೆಸರು, ಊರು, ಗುಮಾಸ್ತನ ಮಾತು ಎಲ್ಲವನ್ನೂ ಬರೆದು ಟಪಾಲಿಗೆ ಹಾಕಿಬಿಟ್ಟಳು. ಫಕೀರವ್ವನನ್ನು ಒಂದು ಮಾತೂ ಕೇಳಿರಲಿಲ್ಲ.

ಸಿಟ್ಟು ಇಳಿದ ಮೇಲೆ, ಬರೆದದ್ದು ಕಚೇರಿಗೆ ತಿಳಿದರೆ ಲೈಸೆನ್ಸ್ ಹೋದೀತೆಂಬ ಅಂಜಿಕೆ ಶುರುವಾಯಿತು. ಗುಮಾಸ್ತ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಯೋಚಿಸುತ್ತಿದ್ದಳು. ಊಟ ಸೇರದಾಯಿತು. “ಏನಾಗೇತಿ ಬೇಟಿ, ಬಾಯಿ ಬಿಟ್ಟು ಹೇಳ,” ಎಂದು ತಾಯಿ ಖಾಜಾಬಿ ಕೇಳಿದರೆ, “ಬಿಸಲಿಗಿ ಹಿಂಗಾಗೇತಮ್ಮಾ,” ಎನ್ನುತ್ತಿದ್ದಳು.

ಎಂಟು ತಿಂಗಳ ಮೇಲೆ ಕಚೇರಿಯ ಸಿಪಾಯಿ ಅಬ್ದುಲಗನಿ ಬಂದ. “ಬಾಯಾರ, ಸಾಹೇಬ್ರು ಕರ್ಯಾಕತ್ತಾರ. ಬೆಂಗಳೂರಿಂದ ನಿಮ್ಮ ಹೆಸರಿಗಿ ಏನೋ ಬಂದೈತ್ರಿ.”

ಲೈಸೆನ್ಸ್ ಹೋದರೆ ಹೋಗಲಿ, ಫಕೀರವ್ವನಿಗೆ ಈ ಬಾಗಿಲು ಕಾಯಂ ಮುಚ್ಚಿತಲ್ಲ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಸಾಹೇಬರು ಸಹಿ ಹಾಕಿಸಿಕೊಂಡು ತೆಳುವಾದ ಪುಸ್ತಕವೊಂದನ್ನು ಕೊಟ್ಟರು. ಜನರ ಸಲಹೆಗಳೂ ಅವಕ್ಕೆ ಸರಕಾರದ ಉತ್ತರಗಳೂ ಅದರಲ್ಲಿದ್ದವು. ಓದಿ ತೋರಿಸುವ ಸಲಹೆಗೆ ‘ಒಪ್ಪಿಲ್ಲ’ ಎಂದಿತ್ತು. ‘ಮತ್ತು’ ಬಗ್ಗೆ ಮಾತ್ರ ‘ಒಪ್ಪಿದೆ. ಸದರಿ ಕಾಯ್ದೆಯಲ್ಲೂ ವಿಧವೆಯಾಗಿದ್ದರೆ ಸಾಕು, ವೃದ್ಧೆಯಾಗಿದ್ದರೂ ಸಾಕು ಎಂಬುದೇ ಉದ್ದೇಶ’ ಎಂದಿತ್ತು. ಫಕೀರವ್ವನ ಹೆಸರಿದ್ದಲ್ಲಿ ‘ಒಬ್ಬ ಅರ್ಜಿದಾರಳು’ ಎಂದು ಮಾಡಿದ್ದರು. ಸೈರಾಬಾನುವಿನ ಹೆಸರು ಮಾತ್ರ ಪೂರ್ತಿ ಅಚ್ಚಾಗಿತ್ತು.

ಅಂದೇ ಫಕೀರವ್ವನ ಮನೆಗೆ ಹೋಗಿ ಎಲ್ಲ ಹೇಳಿದಳು. “ನಿನ್ನ ಕೇಳಲಾರದ ನಿನ್ನ ಹೆಸರ ಬರದಿದ್ನಿ. ತಪ್ಪಾತು ಯಕ್ಕಾ.”

“ಅದಿರ್ಲಿ. ಈ ಹಾಳಿ ತೋರಿಸಿದ್ರ ಜಾಗಾ ಕೊಡ್ತಾರೇನು?”

“ಗೊತ್ತಿಲ್ಲ. ತೋರಿಸಾಕ ನನಗ ಭಾಳ ಅಂಜಿಕಿ ಬರ್ತೈತಿ.”

“ನನಗೂ ಬರ್ತೈತಿ. ಇಬ್ರೂ ಕೂಡೇ ಹೋಗೂಣು.”

ಹೊಸ ಅರ್ಜಿ ಟೈಪು ಮಾಡುವಾಗ ಎರಡು ಹಾಳೆ ಕೆಟ್ಟವು. ತನ್ನ ಹೆಸರಿದ್ದ ಪುಟವನ್ನೇ ಲಗತ್ತಿಸಿ, ಫಕೀರವ್ವನ ಜೊತೆಗೇ ಹೋಗಿ ಕೊಟ್ಟಳು. ಗುಮಾಸ್ತ ಓದಿದ, ಅವಳನ್ನೊಮ್ಮೆ ನೋಡಿದ, ಠಸೆ ಒತ್ತಿದ. ಆ ನೋಟಕ್ಕೆ ಅವಳು ವಾರಗಟ್ಟಲೆ ಹೆದರಿದಳು. ಆ ವರ್ಷ ಲೈಸೆನ್ಸ್ ಮೂರು ತಿಂಗಳು ತಡವಾಗಿ ಕೈಸೇರಿತು. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಷ್ಟರಲ್ಲಿ ಫಕೀರವ್ವ ತನಗೆ ಮಂಜೂರಾದ ಊರಾಚೆಯ ಜಾಗದಲ್ಲಿ ಬುನಾದಿ ತೋಡಿಸಿದ್ದಳು.